ನಾಲ್ಕು ಬಟನ್ನುಗಳ ಪುಟಕ್ಕೆ ಇಷ್ಟೆಲ್ಲ ಬೇಕೇ?

ಕಾಲೇಜಿನ ಪ್ರಾಜೆಕ್ಟಿಗಾಗಿ ನಾಲ್ಕು ಬಟನ್ನುಗಳುಳ್ಳ ಜಾಲಪುಟವೊಂದನ್ನು ಕಟ್ಟಹೊರಟರೆ, ನಾನು ಬರೆದ ಕೋಡ್ ಕೆಲವೇ ಕಿಲೋಬೈಟ್‌ಗಳಷ್ಟಿದ್ದರೂ ಅದರ ಪಕ್ಕದಲ್ಲಿ, ಎರವಲು ತಂದ ಕೋಡನ್ನೆಲ್ಲ ಕೂಡಿಡುವ ‘ನೋಡ್ ಮಾಡ್ಯೂಲ್ಸ್’ ಎಂಬ ಫೋಲ್ಡರ್ ನೂರಾರು ಮೆಗಾಬೈಟ್ ನುಂಗಿ ಕುಳಿತಿರುತ್ತದೆ. ನಾನು ಕೇಳಿದ್ದು ಒಂದೇ ಪ್ಯಾಕೇಜು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಒಂದು ಕಟ್ಟು. ಅದು ತಾನು ನೆಚ್ಚಿಕೊಂಡಿರುವ ಇತರ ಪ್ಯಾಕೇಜುಗಳ ಬಂಧುಬಳಗವನ್ನೆಲ್ಲ ಕರೆದುಕೊಂಡೇ ಬರುತ್ತದೆ. 2016ರ ಮಾರ್ಚ್‌ನಲ್ಲಿ ಕೇವಲ 11 ಸಾಲುಗಳ ‘ಲೆಫ್ಟ್‌ಪ್ಯಾಡ್’ ಎಂಬ ಪ್ಯಾಕೇಜನ್ನು ಅದರ ಕರ್ತೃ, ಇಂಥ ಪ್ಯಾಕೇಜುಗಳ ಆನ್‌ಲೈನ್ ಭಂಡಾರವಾದ ಎನ್‌ಪಿಎಂನಿಂದ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಅದೆಷ್ಟೋ ಪ್ರಾಜೆಕ್ಟುಗಳ ಬಿಲ್ಡ್ (ಕೋಡನ್ನು ಬಳಕೆಗೆ ಸಿದ್ಧಗೊಳಿಸುವ ಕೆಲಸ) ನಿಂತುಹೋಗಿತ್ತು. ಪಠ್ಯದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಘನಕಾರ್ಯವಾಗಿತ್ತೆಂಬುದು ಬೇರೆ ಮಾತು. ಕಳೆದ ಸೆಮಿಸ್ಟರಿನಲ್ಲಿ ಸರಿಯಾಗಿ ಓಡುತ್ತಿದ್ದ ಪ್ರಾಜೆಕ್ಟನ್ನು, ಒಂದಕ್ಷರವನ್ನೂ ಮುಟ್ಟದೆ, ಹೊಸ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಪರದೆಯ ತುಂಬ ಎಚ್ಚರಿಕೆಗಳು ಸುರಿದು, ಕೊನೆಗೆ ಕೆಂಪಕ್ಷರದ ದೋಷವೊಂದು ಎದುರಾಗುತ್ತದೆ; ಕಾರಣ ಹುಡುಕಿದರೆ, ನಾನೆಂದೂ ಹೆಸರು ಕೇಳಿರದ ಯಾವುದೋ ಪ್ಯಾಕೇಜಿಗೆ ಹಳೆಯ ಆವೃತ್ತಿಯೇ ಬೇಕಂತೆ!