ಒಂದು ಚೌಕಕ್ಕೆ ಎಷ್ಟು ಮಿಲಿಗ್ರಾಂ?

ಹಾಸನದಿಂದ ಅಮ್ಮ ಫೋನ್ ಮಾಡಿದರೆ ಮೊದಲ ಮಾತು ಪಿಟಿ ಟೆಸ್ಟಿನದೇ. "ಈ ಸಲ ಮೂರು ಬಂತು ಕಣೋ, ಡಾಕ್ಟ್ರು ಏನೂ ಬದಲಾಯಿಸಲಿಲ್ಲ." ಅಮ್ಮನ ಹೃದಯಕ್ಕೆ ಮೆಟಲ್ ವಾಲ್ವ್ ಹಾಕಿ ಹನ್ನೊಂದು ವರ್ಷವಾಯಿತು. ರಾತ್ರಿ ಊಟವಾದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ, ತಿಂಗಳಿಗೊಮ್ಮೆ ಐಎನ್‌ಆರ್. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಂಕಿ ಅದು, ಪಿಟಿ ಟೆಸ್ಟಿನಲ್ಲಿ ಬರುವುದು ಅದೇ; ಅಂಕಿ ಏರಿದಷ್ಟೂ ರಕ್ತ ತೆಳು. ಈಚೆಗೆ ಎರಡನೇ ಮಾತೂ ಒಂದಿದೆ: "ನಿನ್ನ ಆಫೀಸಿನ ಆ ಹುಡುಗಿಗೆ ಎಷ್ಟು ಬಂತಂತೆ?"

ನಾನಿರುವುದು ಉಗಾಂಡದ ಕಂಪಾಲಾದಲ್ಲಿ. ಔಷಧಿ ಆಮದು ಮಾಡುವ ಕಂಪನಿಯೊಂದರಲ್ಲಿ ಲೆಕ್ಕ ನೋಡುತ್ತೇನೆ. ಡಾಕ್ಟರ್ ಅಲ್ಲ, ಫಾರ್ಮಸಿಸ್ಟೂ ಅಲ್ಲ. ಏಳು ವರ್ಷ ಮಾತ್ರೆಗಳ ಬಿಲ್ಲು ನೋಡಿ ನೋಡಿ ಒಂದಿಷ್ಟು ಕುತೂಹಲ ಬಂದಿದೆ, ಅಷ್ಟೆ. ನನ್ನ ಪಕ್ಕದ ಟೇಬಲ್ಲಿನ ಹುಡುಗಿಗೆ ಇನ್ನೂ ಮೂವತ್ತು ದಾಟಿಲ್ಲ. ಚಿಕ್ಕಂದಿನ ಗಂಟಲು ನೋವು ರುಮಾಟಿಕ್ ಜ್ವರವಾಗಿ ಹೃದಯದ ಕವಾಟ ಕೆಟ್ಟಿತ್ತು. ಇಲ್ಲಿನ ಅನೇಕರ ಹಾಗೆ ಅವಳೂ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಳು. ಅಮ್ಮನದೂ ಅದೇ ಕಾಯಿಲೆ, ಅಂಥದೇ ವಾಲ್ವ್. ಹಾಗಾಗಿ ಇಬ್ಬರಿಗೂ ನನ್ನ ಮೂಲಕ ಒಂಥರಾ ಗೆಳೆತನ.

ಅಮ್ಮನಿಗೆ ಮೊದಲು ಬೇಜಾರಿದ್ದದ್ದು ಏನೆಂದರೆ, ತನಗೆ 3 ಮಿಲಿಗ್ರಾಂ ಸಾಕಾಗುತ್ತದೆ, ಅವಳಿಗೇಕೆ ಏಳೂವರೆ? ಮೊದಲನೆಯದಾಗಿ ಎರಡೂ ಬೇರೆ ಮಾತ್ರೆ. ಅಮ್ಮನದು ಅಸಿಟ್ರಾಮ್, ನಮ್ಮ ಕಡೆ ಜಾಸ್ತಿ ಬರೆದುಕೊಡುವುದು ಅದನ್ನೇ. ಇಲ್ಲಿ ಸಿಗುವುದು ವಾರ್ಫರಿನ್. ಒಂದರ ಮಿಲಿಗ್ರಾಮನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಾರದು. ಆದರೆ ಎರಡೂ ಅಣ್ಣತಮ್ಮಂದಿರ ಹಾಗೆ, ಕೆಲಸ ಒಂದೇ. (ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ, ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿದ್ದು 1954ರಲ್ಲಿ. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.)

ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ದೇಹ ತೊಳೆದು ಮತ್ತೆ ಬಳಸುತ್ತದೆ. ಆ ತೊಳೆಯುವ ಕೆಲಸದ ಜೀನ್ ಹೆಸರು ವಿಕೆಒಆರ್‌ಸಿ1. ವಾರ್ಫರಿನ್ ಹೋಗಿ ತಡೆಯುವುದು ಅಲ್ಲೇ. ಈ ಜೀನಿನಲ್ಲಿ ಒಂದು ಅಕ್ಷರ ಬದಲಾದವರಿಗೆ ಸ್ವಲ್ಪ ಮಾತ್ರೆಯೇ ಸಾಕು. ಚೀನಾ, ಜಪಾನ್ ಕಡೆಯವರಲ್ಲಿ ಆ ಬದಲಾವಣೆ ಬಹುತೇಕ ಎಲ್ಲರಲ್ಲೂ ಇದೆ. ಯುರೋಪಿನವರ ಜೀನುಗಳಲ್ಲಿ ಅದರ ಪಾಲು ನೂರಕ್ಕೆ ಸುಮಾರು 40, ಆಫ್ರಿಕಾ ಮೂಲದವರಲ್ಲಿ ಸುಮಾರು 10. ಅದಕ್ಕೇ ಸರಾಸರಿ ತೆಗೆದರೆ ಆಫ್ರಿಕನ್ನರಿಗೆ ಮಾತ್ರೆ ಜಾಸ್ತಿ ಬೇಕು ಅನ್ನುತ್ತಾರೆ.

ಸರಾಸರಿಗೆ ಅದು ಸರಿ. ಆದರೆ ಟೇಬಲ್ಲಿನ ಆಚೆ ಕೂತವಳು ಸರಾಸರಿ ಅಲ್ಲವಲ್ಲ?

ಈ ಮಾತ್ರೆಯನ್ನು ಅರಗಿಸಿ ಹೊರಹಾಕುವುದು ಲಿವರಿನ ಕೆಲಸ. ಅದಕ್ಕೆ ಸಿವೈಪಿ2ಸಿ9 ಅನ್ನುವ ಇನ್ನೊಂದು ಜೀನ್. ಅದು ನಿಧಾನವಾಗಿದ್ದರೆ ಮಾತ್ರೆ ಒಳಗೇ ಉಳಿದು ರಕ್ತ ಬೇಕಿದ್ದಕ್ಕಿಂತ ತೆಳುವಾಗುತ್ತದೆ. ನಿಧಾನದ ಬಗೆಗಳಿಗೆ ನಂಬರ್ ಕೊಟ್ಟಿದ್ದಾರೆ. ಯುರೋಪಿನವರಲ್ಲಿ ಸಿಗುವುದು ಸ್ಟಾರ್ 2, ಸ್ಟಾರ್ 3. ಆಫ್ರಿಕಾದವರಲ್ಲಿ ಇವೆರಡೂ ಅಪರೂಪ. ಅವರಲ್ಲಿರುವುದು 5, 6, 8, 11, ಅದರಲ್ಲೂ 8 ಜಾಸ್ತಿ. ಹಳೆಯ ಟೆಸ್ಟ್ ಕಿಟ್ಟುಗಳು ಹುಡುಕುತ್ತಿದ್ದದ್ದು 2 ಮತ್ತು 3ನ್ನು ಮಾತ್ರ. ಸ್ಟಾರ್ 8 ಇದ್ದವರ ರಿಪೋರ್ಟಿನಲ್ಲಿ ಏನು ಬರುತ್ತದೆ? "ನಾರ್ಮಲ್."

ನಮ್ಮ ಹುಡುಗಿಯ ಕೈಯಲ್ಲೂ ಅಂಥ ಒಂದು ಕಾಗದ ಇತ್ತು. ಆಪರೇಷನ್ ಸಮಯದಲ್ಲಿ ಯಾವುದೋ ಲ್ಯಾಬಿನವರು ಜೀನ್ ಟೆಸ್ಟ್ ಮಾಡಿ ದುಡ್ಡು ತೆಗೆದುಕೊಂಡಿದ್ದರು. ಎರಡು ಮತ್ತು ಮೂರು ಇಲ್ಲ, ಆದ್ದರಿಂದ ನಾರ್ಮಲ್. ಊರಿಗೆ ಬಂದ ಮೇಲೆ ಆ ಕಾಗದವನ್ನು ನಂಬಿ, "ಆಫ್ರಿಕನ್ನರಿಗೆ ಜಾಸ್ತಿ ಬೇಕು" ಅನ್ನುವುದನ್ನೂ ನಂಬಿ, ಮಾತ್ರೆ ಏರಿಸಿದರು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನ ರಕ್ತ ನಿಲ್ಲಲೇ ಇಲ್ಲ. ಐಎನ್‌ಆರ್ ಆರು ದಾಟಿತ್ತು. ಜೀನೇ ಕಾರಣ ಅಂತ ನಾನು ಹೇಳುವುದಿಲ್ಲ. ಯಾರಾದರೂ ನೋಡಿದ್ದರೆ ತಾನೆ ಹೇಳುವುದಕ್ಕೆ?

ಇದು ಅವಳೊಬ್ಬಳ ಕತೆ ಅಲ್ಲ. 2013ರಲ್ಲಿ ಎರಡು ದೊಡ್ಡ ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಬ್ರಿಟನ್ ಮತ್ತು ಸ್ವೀಡನ್ನಿನದರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಜೀನ್ ನೋಡಿ ಮಾತ್ರೆ ಕೊಟ್ಟಿದ್ದರಿಂದ ಅವರಿಗೆ ಅನುಕೂಲವಾಯಿತು. ಅಮೆರಿಕದ ಅಧ್ಯಯನದಲ್ಲಿ ನೂರಕ್ಕೆ 27 ಜನ ಕಪ್ಪು ವರ್ಣೀಯರು. ಜೀನ್ ನೋಡಿ ಕೊಟ್ಟಾಗ, ಅವರ ಐಎನ್‌ಆರ್ ಸರಿಯಾದ ಮಟ್ಟದಲ್ಲಿದ್ದದ್ದು ಶೇಕಡ 35ರಷ್ಟು ಸಮಯ. ಜೀನ್ ನೋಡದೆ ವಯಸ್ಸು, ತೂಕ ಇತ್ಯಾದಿ ನೋಡಿ ಕೊಟ್ಟಾಗ ಶೇಕಡ 43ಕ್ಕೂ ಮೇಲೆ. ಅಂದರೆ ಜೀನಿನ ಬಗ್ಗೆ ಅರ್ಧ ಗೊತ್ತಿದ್ದದ್ದು, ಏನೂ ಗೊತ್ತಿಲ್ಲದ್ದಕ್ಕಿಂತ ಕಡೆಯಾಯಿತು.

ಒಂದು ರಾತ್ರಿ ಕರೆಂಟು ಬರಲೆಂದು ಕಾಯುತ್ತಾ ಸುಮ್ನೆ ಒಂದು ಲೆಕ್ಕ ಮಾಡಿದೆ. ವಾರ್ಫರಿನ್ ಎಷ್ಟು ಕೊಡಬೇಕು ಅನ್ನುವುದಕ್ಕೆ 2009ರಲ್ಲಿ ಬಂದ ಒಂದು ಹೆಸರಾಂತ ಸೂತ್ರವಿದೆ. ಅಮ್ಮನ ವಯಸ್ಸು 64, ಎತ್ತರ 152 ಸೆಂಟಿಮೀಟರ್, ತೂಕ 54 ಕಿಲೋ ಹಾಕಿದೆ. ಅದರಲ್ಲಿ ಜನಾಂಗಕ್ಕೊಂದು ಚೌಕ. "ಏಷ್ಯನ್" ಎಂದು ಟಿಕ್ ಮಾಡಿದರೆ ದಿನಕ್ಕೆ 2.7 ಮಿಲಿಗ್ರಾಂ. "ಬಿಳಿಯ" ಅಂದರೆ 3.6. "ಕಪ್ಪು" ಅಂದರೆ 4.2. ಅದೇ ಅಮ್ಮ, ಅದೇ ಲಿವರ್. ತಮಾಷೆ ಮುಂದಿದೆ. ಅದೇ ಸೂತ್ರಕ್ಕೆ ಜೀನಿನ ವಿವರ ಸೇರಿಸುವ ಇನ್ನೊಂದು ರೂಪವಿದೆ. ಅದರಲ್ಲಿ "ಕಪ್ಪು" ಎಂದು ಟಿಕ್ ಮಾಡಿದರೆ ಮಾತ್ರೆ ಏರುವುದಿಲ್ಲ, ಇಳಿಯುತ್ತದೆ! ಒಂದೇ ಚೌಕ, ಒಂದು ಕಡೆ ಕೂಡುತ್ತದೆ, ಇನ್ನೊಂದು ಕಡೆ ಕಳೆಯುತ್ತದೆ. ಲೆಕ್ಕ ಬರೆಯುವವನಿಗೆ ಇಂಥದ್ದು ಕಂಡರೆ, ಎಲ್ಲೋ ಒಂದು ಖಾತೆ ಬಿಟ್ಟುಹೋಗಿದೆ ಅಂತಲೇ ಅರ್ಥ.

ಬಿಟ್ಟುಹೋದದ್ದು ಯಾವುದು? ಆ ಸೂತ್ರಕ್ಕೆ ಒಂಬತ್ತು ದೇಶಗಳ ರೋಗಿಗಳ ವಿವರ ಸೇರಿಸಿದ್ದರು. ಆಫ್ರಿಕಾದ ಒಂದು ದೇಶವೂ ಅದರಲ್ಲಿ ಇರಲಿಲ್ಲ. ಭಾರತವೂ ಇರಲಿಲ್ಲ. ಅಮ್ಮ ಕೂತಿದ್ದ "ಏಷ್ಯನ್" ಚೌಕವನ್ನು ತುಂಬಿದ್ದು ಬಹುಪಾಲು ತೈವಾನ್, ಜಪಾನ್, ಕೊರಿಯಾ ಕಡೆಯವರು. ಸಿಂಗಪುರದ ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ, ಅಲ್ಲಿನ ಚೀನೀಯರಿಗಿಂತ ಭಾರತ ಮೂಲದವರಿಗೆ ವಾರ್ಫರಿನ್ ಜಾಸ್ತಿ ಬೇಕು ಅಂತ. ಆ ಅಕ್ಷರದ ಬದಲಾವಣೆ ನಮ್ಮಲ್ಲಿ ಅಷ್ಟಿಲ್ಲ. ಆದರೂ ಚೌಕ ಒಂದೇ. ಹೊರದೇಶದಲ್ಲಿ ವಾಲ್ವ್ ಹಾಕಿಸಿಕೊಂಡ ಕನ್ನಡಿಗರು ಇದನ್ನೊಂದು ಸಲ ತಮ್ಮ ಡಾಕ್ಟರ ಹತ್ತಿರ ಕೇಳಿ ನೋಡುವುದು ಒಳ್ಳೆಯದು.

"ಕಪ್ಪು" ಅನ್ನುವ ಚೌಕ ಇನ್ನೂ ಅನ್ಯಾಯದ್ದು. ಮನುಷ್ಯ ಹುಟ್ಟಿದ್ದು ಇಲ್ಲಿ. ತುಂಬಿದ ಕಣಜದಿಂದ ಒಂದು ಮೊರ ರಾಗಿ ತೆಗೆದುಕೊಂಡು ಹೋದವರ ಮಕ್ಕಳು ನಾವು, ಚೀನೀಯರು, ಯುರೋಪಿನವರು. ಕಣಜ ಇಲ್ಲೇ ಉಳಿಯಿತು. ಹಾಗಾಗಿ ಜೀನಿನ ಬಗೆಬಗೆ ಜಗತ್ತಿನಲ್ಲೇ ಜಾಸ್ತಿ ಇರುವುದು ಆಫ್ರಿಕಾದಲ್ಲಿ. ನನ್ನ ಪಕ್ಕದ ಆ ಹುಡುಗಿ ಉಗಾಂಡದ ಉತ್ತರದ ಗುಲು ಕಡೆಯ ಅಚೋಲಿ ಜನಾಂಗದವಳು. ಇನ್ನೊಂದು ಪಕ್ಕದವನು ಮುಗಂಡ, ಅಂದರೆ ಕಂಪಾಲಾ ಸುತ್ತಲಿನ ಜನಾಂಗದವನು. ಕನ್ನಡಕ್ಕೂ ಹಿಂದಿಗೂ ಇರುವಷ್ಟು ದೂರ ಇವರಿಬ್ಬರ ಭಾಷೆಗಳ ನಡುವೆ ಇದೆ. ಅಮೆರಿಕದ ಕಪ್ಪು ವರ್ಣೀಯರ ಹಿರಿಯರು ಬಹುಪಾಲು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವರು, ಜೊತೆಗೆ ಯುರೋಪಿನ ಬೆರಕೆಯೂ ಇದೆ. 2013ರಲ್ಲೇ ಅವರಲ್ಲಿ ಜೀನಿನ ಇನ್ನೊಂದು ಗುರುತು ಸಿಕ್ಕಿತು, ಅದಿದ್ದವರಿಗೆ ಮಾತ್ರೆ ಕಡಿಮೆ ಸಾಕು. ಅದೇ ಗುರುತು ಜಪಾನಿನವರಲ್ಲೂ ಇದೆ, ಆದರೆ ಅಲ್ಲಿ ಮಾತ್ರೆಯ ಲೆಕ್ಕ ಬದಲಿಸುವುದಿಲ್ಲ. ಇನ್ನು ಅಮೆರಿಕದಲ್ಲಿ ಕಂಡದ್ದನ್ನು ಗುಲುವಿನವಳಿಗೆ ಸೀದಾ ಅಂಟಿಸುವುದು ಹೇಗೆ?

ಹೊಸ ಮಾತ್ರೆಗಳು ಬಂದಿವೆಯಲ್ಲ, ಟೆಸ್ಟೇ ಬೇಡವಂತಲ್ಲ ಅನ್ನುವವರಿದ್ದಾರೆ. ಮೆಟಲ್ ವಾಲ್ವ್‌ನವರಿಗೆ ಅವು ಆಗುವುದಿಲ್ಲ. ರುಮಾಟಿಕ್ ಕಾಯಿಲೆಯಿಂದ ಎದೆಬಡಿತ ತಾಳ ತಪ್ಪಿದವರಲ್ಲೂ ಹಳೆಯ ಮದ್ದೇ ಮೇಲು ಅಂತ 2022ರ ದೊಡ್ಡ ಅಧ್ಯಯನ ತೋರಿಸಿತು. ಈ ಕಾಯಿಲೆ ಶ್ರೀಮಂತ ದೇಶಗಳಿಂದ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಉಳಿದಿರುವುದು ನಮ್ಮಲ್ಲಿ, ಇವರಲ್ಲಿ.

ಹಾಗಾದರೆ ಯಾರ ರೀತಿ ಒಳ್ಳೆಯದು? ನನಗನ್ನಿಸುವುದು, ಹಾಸನದ ಡಾಕ್ಟರ ರೀತಿಯೇ. ಅವರು ಯಾವ ಚೌಕವನ್ನೂ ಕೇಳಲಿಲ್ಲ. ಸ್ವಲ್ಪದರಲ್ಲಿ ಶುರು ಮಾಡಿದರು, ಬೇಗ ಬೇಗ ರಕ್ತ ನೋಡಿದರು, ಅರ್ಧ ಮಾತ್ರೆ ಏರಿಸಿದರು, ಇಳಿಸಿದರು. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಉಗಾಂಡ, ದಕ್ಷಿಣ ಆಫ್ರಿಕಾದವರ ಜೊತೆ ಸೇರಿ ಇಲ್ಲಿನವರಿಗಾಗಿಯೇ ಒಂದು ಲೆಕ್ಕ ಮಾಡಿದ್ದಾರೆ. ಅದರಲ್ಲಿ ಮೊದಲು ಕೇಳುವುದು ವಯಸ್ಸು, ತೂಕ, ಎಚ್‌ಐವಿ ಇದೆಯೋ ಇಲ್ಲವೋ. ಸರಿಯಾದ ಪ್ರಶ್ನೆ ಅಂದರೆ ಇದು. ಟಿಬಿಗೆ ಕೊಡುವ ರಿಫಾಂಪಿಸಿನ್ ಒಂದೇ ಸಾಕು, ವಾರ್ಫರಿನ್ನಿನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಲು.

ಜೀನ್ ನೋಡುವುದೇ ಬೇಡ ಅನ್ನುತ್ತಿಲ್ಲ. ನೋಡಿದರೆ ಪೂರ್ತಿ ನೋಡಲಿ, 5, 6, 8, 11 ಸೇರಿಸಿ. ಅಮೆರಿಕದ ತಜ್ಞರ ಮಾರ್ಗಸೂಚಿಯೇ 2017ರಲ್ಲಿ ಹಾಗೆ ಹೇಳಿದೆ: ಆಫ್ರಿಕಾ ಮೂಲದವರಲ್ಲಿ ಇವನ್ನು ನೋಡದಿದ್ದರೆ ಜೀನ್ ಲೆಕ್ಕ ಬಿಟ್ಟುಬಿಡಿ ಅಂತ. ಆದರೆ ದುಡ್ಡು ನನ್ನ ಕೈಯಲ್ಲಿದ್ದರೆ ಮೊದಲು ಬೆರಳು ಚುಚ್ಚಿ ಐಎನ್‌ಆರ್ ನೋಡುವ ಮೆಷಿನ್ನುಗಳನ್ನು ಗುಲುವಿನಂಥ ಊರುಗಳಿಗೆ ಕಳಿಸುತ್ತಿದ್ದೆ. ಅಲ್ಲಿಂದ ಕಂಪಾಲಾ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಒಂದು ಟೆಸ್ಟಿಗೆ ಅಷ್ಟು ದೂರ ಬಸ್ಸಿನಲ್ಲಿ ಬರುವವರ ಜೀನ್ ತಿಳಿದುಕೊಂಡು ಏನು ಮಾಡುವುದು?

ಹುಡುಗಿಯ ಮಾತ್ರೆ ಈಗ ಏಳೂವರೆಯಿಂದ ನಾಲ್ಕಕ್ಕೆ ಇಳಿದಿದೆ. ಹೋದ ವಾರ ಐಎನ್‌ಆರ್ 2.8. ಅಮ್ಮನಿಗೆ ಹೇಳಿದೆ. ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, ತಿನ್ನಬೇಡ ಅಂತ ಅವಳಿಗೆ ಅಂದಿದ್ದಾರಂತೆ, ಇಲ್ಲಿ ಡೋಡೋ ಅನ್ನುವ ಸೊಪ್ಪನ್ನು ದಿನಾ ತಿನ್ನುತ್ತಾರೆ ಅಂತಲೂ ಹೇಳಿ ಫೋಟೋ ಕಳಿಸಿದೆ.

"ಅಯ್ಯೋ, ಇದು ನಮ್ಮ ದಂಟಿನ ಸೊಪ್ಪು ಕಣೋ," ಅಂದರು ಅಮ್ಮ. "ಬಿಡೋದೇನೂ ಬೇಡ ಅಂತ ಹೇಳು. ದಿನಾ ಒಂದೇ ಅಳತೆಯಲ್ಲಿ ತಿನ್ನಲಿ. ನಾನು ಹನ್ನೊಂದು ವರ್ಷದಿಂದ ಬಸ್ಸಾರು ಬಿಟ್ಟಿದೀನಾ?"