ಮೂರು ಕೆಲಸದ ಮಾಷ್ಟ್ರಿಗೆ ಮೂರನೇ ನಂಬರ್ ಫಾರ್ಮು

ತೆರಿಗೆ ಕಾನೂನು ಬರೆದವರಿಗೆ ಒಂದು ಗಟ್ಟಿ ನಂಬಿಕೆ ಇದ್ದಂತಿದೆ. ಮನುಷ್ಯ ಅಂದರೆ ಒಂದು ಕೆಲಸ, ಒಂದು ಸಂಬಳ, ಆ ಸಂಬಳದಲ್ಲಿ ಹಿಡಿದ ತೆರಿಗೆಗೆ ಒಂದು ಫಾರ್ಮ್ 16 ಸರ್ಟಿಫಿಕೇಟ್. ಅವರು ಕಾಸರಗೋಡು ಕಡೆ ಬಂದಿರಲಿಕ್ಕಿಲ್ಲ. ಸರಕಾರಿ ನೌಕರಿ ಇಲ್ಲದವನಿಗೆ ಒಂದೇ ಕೆಲಸ ಅಂದರೆ ಇಲ್ಲಿ ಜನ, "ಹಾಗಾದ್ರೆ ಉಳಿದ ದಿನ ಊಟಕ್ಕೇನು ಮಾಡ್ತಾನೆ?" ಅಂತ ಕೇಳುತ್ತಾರೆ.

ಪೆರ್ಲದ ಕಡೆಯ ನಮ್ಮ ಮಾಷ್ಟ್ರನ್ನೇ ನೋಡಿ. ವಾರದ ದಿನಗಳಲ್ಲಿ ಕನ್ನಡ ಶಾಲೆಯಲ್ಲಿ ದಿನಗೂಲಿಯ ಗೆಸ್ಟ್ ಟೀಚರ್. ಶನಿವಾರ, ಭಾನುವಾರ ತಲಪಾಡಿ ದಾಟಿ ಮಂಗಳೂರಿನ ಕೋಚಿಂಗ್ ಸೆಂಟರ್ ಒಂದರಲ್ಲಿ ಗಣಿತ ಪಾಠ. ಹೋಗುತ್ತಾ ಬರುತ್ತಾ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ವಿಮೆ ಪಾಲಿಸಿ. ರಾತ್ರಿ ಎಲ್ಲಾದರೂ ತಾಳಮದ್ದಳೆ ಇದ್ದರೆ ಅರ್ಥ ಹೇಳುತ್ತಾರೆ. ಅಲ್ಲಿ ಸಿಗುವುದು ಶಾಲು ಮತ್ತು ಊಟ. ಅದಕ್ಕೆ ಇನ್ನೂ ಟಿಡಿಎಸ್, ಅಂದರೆ ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳುವುದು, ಬಂದಿಲ್ಲ. ಇಲ್ಲಿ ಬರೆದದ್ದನ್ನು ಓದಿ ಯಾರಿಗೂ ಹೊಸ ಐಡಿಯಾ ಹೊಳೆಯದಿರಲಿ.

ಲೆಕ್ಕ ಹೀಗಿದೆ. ಶಾಲೆಯಿಂದ ವರ್ಷಕ್ಕೆ 1,80,000 ರೂಪಾಯಿ, ಕೋಚಿಂಗ್‌ನಿಂದ 1,44,000, ವಿಮೆ ಕಮಿಷನ್ 24,000. ಒಟ್ಟು 3,48,000. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ನಾಲ್ಕು ಲಕ್ಷದವರೆಗೆ ತೆರಿಗೆಯೇ ಇಲ್ಲ. ರಿಬೇಟ್ ಅನ್ನುವ ತೆರಿಗೆ ಮನ್ನಾ ಸೇರಿದರೆ ಹನ್ನೆರಡು ಲಕ್ಷದವರೆಗೂ ಸೊನ್ನೆ. ಅಂದರೆ ಮಾಷ್ಟ್ರು ಸರಕಾರಕ್ಕೆ ಬಿಡಿಗಾಸೂ ಕೊಡಬೇಕಾಗಿಲ್ಲ.

ಹಾಗಾಗಿ ಅವರಿಂದ 14,880 ರೂಪಾಯಿ ಹಿಡಿದುಕೊಂಡಿದ್ದಾರೆ.

ಹೇಗೆ ಅಂತೀರಾ? ಕೋಚಿಂಗ್ ಸೆಂಟರಿನವರು, "ನೀವು ನಮ್ಮ ಸ್ಟಾಫ್ ಅಲ್ಲ ಸರ್, ಪ್ರೊಫೆಷನಲ್" ಅಂದರು. ಪಿಎಫ್ ಇಲ್ಲ, ರಜೆ ಇಲ್ಲ, ಆದರೆ ಪ್ರೊಫೆಷನಲ್. ಮನೆಯಲ್ಲಿ ಒಂದು ಸಂಜೆ ಎಲ್ಲರಿಗೂ ಖುಷಿ. ಆಮೇಲೆ ಗೊತ್ತಾಯಿತು, ಪ್ರೊಫೆಷನಲ್ ಆದವರಿಗೆ ವರ್ಷಕ್ಕೆ 50,000 ದಾಟಿದರೆ ಆಗಿನ ಸೆಕ್ಷನ್ 194ಜೆ ಪ್ರಕಾರ ಹತ್ತು ಪರ್ಸೆಂಟ್ ಕಟ್. ಅಲ್ಲಿಗೆ 14,400 ಹೋಯಿತು. ವಿಮೆ ಕಮಿಷನ್ 20,000 ದಾಟಿದ್ದಕ್ಕೆ ಎರಡು ಪರ್ಸೆಂಟ್, 480 ರೂಪಾಯಿ.

ಮಾಷ್ಟ್ರು ಬದಿಯಡ್ಕದ ಆಡಿಟರ್ ಆಫೀಸಿಗೆ ಹೋದರು. "ತೆರಿಗೆ ಇಲ್ಲದವರಿಗೆ ಹಿಡಿಯದಿರಲಿಕ್ಕೆ ಒಂದು ಫಾರ್ಮ್ ಉಂಟಲ್ಲ?"

"15ಜಿ. ಉಂಟು ಮಾಷ್ಟ್ರೇ" ಅಂದ ಅಲ್ಲಿಯ ಹುಡುಗ. "ವಿಮೆ ಕಮಿಷನಿಗೆ ಕೊಡಬಹುದು."

"ಕೋಚಿಂಗ್‌ಗೆ?"

"ಅದಕ್ಕೆ ಆಗುದಿಲ್ಲ ಮಾರಾಯ್ರೆ. ತೆರಿಗೆ ಅಧಿಕಾರಿಗೆ ಬೇರೆ ಅರ್ಜಿ ಹಾಕಿ ಸರ್ಟಿಫಿಕೇಟ್ ತರ್ಬೇಕು."

480 ಉಳಿಸಲು ಒಂದು ಹಾಳೆ ಸಾಕು. 14,400 ಉಳಿಸಲು ಅಧಿಕಾರಿಯ ಸರ್ಟಿಫಿಕೇಟೇ ಬೇಕು. ಹೋಗಲಿ, ರಿಟರ್ನ್ ಹಾಕಿ ವಾಪಸ್ ತೆಗೆದುಕೊಳ್ಳೋಣ ಅಂದರೆ ಅಲ್ಲಿ ಇನ್ನೊಂದು ಚೆಂದ. ಒಂದೇ ಕಡೆ ನಲವತ್ತು ಲಕ್ಷ ಸಂಬಳ ತೆಗೆಯುವವರು ಬೇರೇನೂ ದೊಡ್ಡ ಆದಾಯ ಇಲ್ಲದಿದ್ದರೆ ಐಟಿಆರ್-1 ಅನ್ನುವ ಸಣ್ಣ ರಿಟರ್ನ್ ಫಾರ್ಮಿನಲ್ಲಿ ಚಹಾ ಆರುವ ಮೊದಲು ಮುಗಿಸುತ್ತಾರೆ. ಮೂರೂವರೆ ಲಕ್ಷದ ನಮ್ಮ ಮಾಷ್ಟ್ರಿಗೆ ಕಮಿಷನ್ ಇದೆ ಅಂತ ಐಟಿಆರ್-3. ಬ್ಯಾಲೆನ್ಸ್ ಶೀಟು, ಲಾಭ-ನಷ್ಟದ ಪಟ್ಟಿ ಎಲ್ಲ ಇರುವ ದೊಡ್ಡ ಫಾರ್ಮು. ಸ್ಥಿರಾಸ್ತಿ, ಯಂತ್ರೋಪಕರಣ, ಸವಕಳಿ ಅಂತೆಲ್ಲ ಕೇಳುತ್ತದೆ. ಮಾಷ್ಟ್ರ ಯಂತ್ರೋಪಕರಣ ಒಂದು ಕೆಂಪು ಪೆನ್ನು.

ಸರಿ, ಕೋಚಿಂಗೂ ಬೇಡ, ವಿಮೆಯೂ ಬೇಡ, ಶಾಲೆ ಮಾತ್ರ ಸಾಕು ಅಂದುಕೊಂಡರೂ, ರಿಟರ್ನ್ ಹಾಕುವುದಾದರೆ ದೊಡ್ಡ ಫಾರ್ಮಿನಿಂದ ತಪ್ಪಿಸಿಕೊಳ್ಳಲಾಗದು. ಮನೆ ಹಿಂದೆ ಅಡಿಕೆ ತೋಟ ಇದೆಯಲ್ಲ! ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದು ವರ್ಷಕ್ಕೆ 5,000 ದಾಟಿದರೆ ಐಟಿಆರ್-1 ಮುಟ್ಟುವಂತಿಲ್ಲ. ಕಿಲೋಗೆ ನಾನೂರು ಹಿಡಿದರೂ ಹನ್ನೆರಡೂವರೆ ಕಿಲೋ ಅಡಿಕೆ. ಗೊಬ್ಬರ, ಮದ್ದು, ಕೊಯ್ಲಿನ ಕೂಲಿ ಕಳೆದ ಮೇಲೆ ಅಷ್ಟೂ ಉಳಿಯದ ವರ್ಷ ಬಂದರೆ ಮಾತ್ರ ಸಣ್ಣ ಫಾರ್ಮಿನ ಭಾಗ್ಯ. ಕೊಳೆರೋಗಕ್ಕೂ ಒಂದು ಉಪಯೋಗ ಇದೆ ಅಂತ ಆಯ್ತು.

ಇನ್ನು ಮಾಷ್ಟ್ರ ಸೋದರಳಿಯನ ಕಥೆ. ಮನೆಯಲ್ಲೇ ಕುಳಿತು ಎರಡು ಕಂಪನಿಗೆ ಕೆಲಸ ಮಾಡುತ್ತಾನೆ, ಒಂದಕ್ಕೆ ಗೊತ್ತಿಲ್ಲದಂತೆ ಇನ್ನೊಂದಕ್ಕೆ. ತಲಾ ಹತ್ತು ಲಕ್ಷ. ಎರಡೂ ಕಂಪನಿಗಳು ಅವನಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸಂಬಳದಲ್ಲಿ ತೆರಿಗೆ ಲೆಕ್ಕಕ್ಕೆ ಬಾರದ ಪಾಲು, ಕೊಟ್ಟು, ಹನ್ನೆರಡು ಲಕ್ಷದ ಒಳಗೆ ಇದ್ದಾನೆ ಅಂತ ಒಂದು ಪೈಸೆಯೂ ಹಿಡಿಯಲಿಲ್ಲ. ಡಿಡಕ್ಷನ್ ಸಿಗುವುದು ಒಂದೇ ಸಲ. ಒಟ್ಟು ಲೆಕ್ಕ ಹಾಕಿದರೆ ಸೆಸ್ ಸೇರಿ ಕಟ್ಟಬೇಕಾದ ತೆರಿಗೆ 1,92,400. ಒಂದು ಕಂಪನಿಯ ಸಂಬಳವನ್ನು ಇನ್ನೊಂದಕ್ಕೆ ತಿಳಿಸಲು ಆಗ 12ಬಿ ಅಂತ ಫಾರ್ಮ್ ಇತ್ತು. ಎರಡನೇ ಮದುವೆಯ ಕಾಗದವನ್ನು ಮೊದಲ ಹೆಂಡತಿಯ ಕೈಗೆ ಯಾರು ಕೊಡುತ್ತಾರೆ? ಆದ್ದರಿಂದ ಸುಮಾರು ಎರಡು ಲಕ್ಷ ಕೊಡಬೇಕಾದವನಿಂದ ಸೊನ್ನೆ, ಏನೂ ಕೊಡಬೇಕಾಗಿಲ್ಲದವರಿಂದ ಹದಿನೈದು ಸಾವಿರ.

ತಾಳಮದ್ದಳೆಯಲ್ಲಿ ಮಾಷ್ಟ್ರ ನಕ್ಷತ್ರಿಕ ಅಂದರೆ ಜನ ಎದ್ದು ಕೂರುತ್ತಾರೆ. ಬಾಕಿ ವಸೂಲಿಗೆ ಹರಿಶ್ಚಂದ್ರನ ಬೆನ್ನು ಬಿಡದವನು. ಈಗ ಹಗಲಲ್ಲೂ ಅದೇ ಪಾತ್ರ, ತಮ್ಮದೇ ದುಡ್ಡಿಗಾಗಿ. ಹರಿಶ್ಚಂದ್ರನಾದರೂ ಎದುರಿಗೆ ಸಿಗುತ್ತಿದ್ದ. ಇಲ್ಲಿ ಸಿಗುವುದು ಓಟಿಪಿ. ರೀಫಂಡ್ ಬರಲು ಬ್ಯಾಂಕ್ ಖಾತೆ ಮೊದಲೇ ವ್ಯಾಲಿಡೇಟ್ ಆಗಬೇಕು. ಮಾಷ್ಟ್ರ ಮನೆಹೆಸರು ಪ್ಯಾನ್‌ನಲ್ಲಿ ಮುಂದೆ, ಪಾಸ್‌ಬುಕ್ಕಿನಲ್ಲಿ ಹಿಂದೆ, ಆಧಾರ್‌ನಲ್ಲಿ ಮಲಯಾಳದ ಉಚ್ಚಾರಕ್ಕೆ ತಕ್ಕ ಸ್ಪೆಲ್ಲಿಂಗ್. ಒಬ್ಬರೇ ಮಾಷ್ಟ್ರು ಕಂಪ್ಯೂಟರಿನ ಕಣ್ಣಿಗೆ ಮೂವರು. ಕೆಲಸವೂ ಮೂರು ಇರುವುದರಿಂದ ತಲೆಗೊಂದು ಹಂಚಬಹುದಿತ್ತು.

ನಡುವೆ ಪಂಚಾಯತಿನ ವೃತ್ತಿ ತೆರಿಗೆ ಆರು ತಿಂಗಳಿಗೊಮ್ಮೆ ಇದ್ದೇ ಇದೆ. ಅದನ್ನು ಆದಾಯದಿಂದ ಕಳೆಯಲು ಹೊಸ ಪದ್ಧತಿ ಒಪ್ಪುವುದಿಲ್ಲ.

ನಾವು ತೆರಿಗೆ ತಡ ಮಾಡಿದರೆ ತಿಂಗಳಿಗೆ ಒಂದು ಪರ್ಸೆಂಟ್ ಬಡ್ಡಿ. ಸರಕಾರ ನಮ್ಮ ದುಡ್ಡು ಇಟ್ಟುಕೊಂಡರೆ ಅರ್ಧ ಪರ್ಸೆಂಟ್. ಜುಲೈಯಲ್ಲಿ ರೀಫಂಡ್ ಬಂತು ಅಂತಿಟ್ಟುಕೊಳ್ಳಿ, ಏಪ್ರಿಲ್‌ನಿಂದ ನಾಲ್ಕು ತಿಂಗಳಿಗೆ 296 ರೂಪಾಯಿ.

"ಈ 296 ಉಂಟಲ್ಲ ಮಾಷ್ಟ್ರೇ" ಅಂದ ಆಡಿಟರ್ ಆಫೀಸಿನ ಹುಡುಗ, "ಅದು ನಿಮ್ಮ ಆದಾಯ. ಮುಂದಿನ ವರ್ಷದ ರಿಟರ್ನ್‌ನಲ್ಲಿ ತೋರಿಸ್ಲಿಕ್ಕೆ ಉಂಟು."

"ಅದಕ್ಕೆ ಟಿಡಿಎಸ್?"

"ಇಲ್ಲ."

ಮಾಷ್ಟ್ರು ಅವನ ಫೀಸು ಎರಡು ಸಾವಿರ ಎಣಿಸಿ ಕೊಟ್ಟು ಮಂಗಳೂರು ಬಸ್ಸಿಗೆ ಓಡಿದರು.