ತಂಬಿಗೆಯ ಸಾಕ್ಷಿ

ಕಲಬುರಗಿಯಲ್ಲಿ ಕಾಲು ಉಳುಕಲು ಗುಡ್ಡ ಹತ್ತಬೇಕಿಲ್ಲ. ನಮ್ಮ ಬಾಗಿಲ ಮುಂದೆ ಹಾಸಿದ ಶಹಾಬಾದ್ ಫರಸಿಯೊಂದರ ತುದಿ ಎದ್ದಿತ್ತು. ಹಾಲಿನ ಪಾಕೀಟು ತರುತ್ತಿದ್ದ ನನ್ನ ಎಡಗಾಲು ಅಲ್ಲಿ ಒಳಕ್ಕೆ ಹೊರಳಿತು. ಹಾಲು ಉಳಿಯಿತು.

ಸಂಜೆಯೊಳಗೆ ಕಾಲು ಬದನೆಕಾಯಿಯಂತೆ ಬಾತಿತ್ತು. ಉಳುಕು ತೆಗೆಯಲು ಅವ್ವ ಗಂಗಾಳಕ್ಕೆ ನೀರು ಹಾಕಿ ತಂದಳು. ಕಸಬರಿಗೆ ಕಡ್ಡಿ ಹೊತ್ತಿಸಿ ತಂಬಿಗೆಯೊಳಗೆ ಹಾಕಿ, ಅದನ್ನು ನೀರಲ್ಲಿ ಬೋರಲು ಇಟ್ಟಳು. ಬುಳುಬುಳು ಅಂತ ನೀರೆಲ್ಲ ತಂಬಿಗೆ ಸೇರಿತು. "ನೋಡ್, ಎಷ್ಟ್ ಉಳುಕ ಇತ್ತು!" ಒಳಗಿನ ಬಿಸಿ ಗಾಳಿ ತಣ್ಣಗಾಗಿ ಕುಗ್ಗಿದರೆ ನೀರು ಏರಲೇಬೇಕು, ಅಲ್ವಾ? ಗಟ್ಟಿ ಕಾಲಿನವನನ್ನು ಕೂರಿಸಿದರೂ ಏರುತ್ತದೆ. ಅವ್ವನಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಮರುದಿನ ಎಕ್ಸ್‌ರೇ ತೆಗೆಸಿದೆ. ಎಲುಬು ಸರಿಯಿದೆ, ಏನೂ ಆಗಿಲ್ಲ ಅಂದರು. ಆ ಏನೂ ಆಗದ ಕಾಲು 2 ತಿಂಗಳಾದರೂ ನೋಯುತ್ತಲೇ ಇತ್ತು. ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕವರೆಲ್ಲ "ಯಾಕ್ರೀ ಸರ, ಕುಂಟ್ಲತ್ತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮದ್ದು ಹೇಳುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ತುಳಿಸಿಕೊಳ್ರಿ ಅಂದರು ಒಬ್ಬರು. ಸಿಕ್ಕಸಿಕ್ಕವರ ಹೆರಿಗೆಯ ವಿಚಾರ ಕೇಳುತ್ತ ತಿರುಗುವುದು ಹೇಗೆ?

ಕೊನೆಗೆ ಹೋದ ಎಲುಬಿನ ಡಾಕ್ಟರು ಎಕ್ಸ್‌ರೇಗಿಂತ ಮೊದಲು ಕಾಲು ನೋಡಿದರು. ಅಷ್ಟಕ್ಕೇ ಅರ್ಧ ನೋವು ಹೋಯಿತು. ಹೊರಗಿನ ಗಂಟಿನ ಮುಂದೆ, ಸ್ವಲ್ಪ ಕೆಳಗೆ ಒತ್ತಿದರು. ಹೋದ ಅರ್ಧ ತಿರುಗಿ ಬಂತು. ಹಿಮ್ಮಡಿ ಹಿಡಿದು ಮುಂದಕ್ಕೆ ಎಳೆದರು. ಬಲಗಾಲನ್ನೂ ಎಳೆದು ಹೋಲಿಸಿದರು. ಎಲುಬುಗಳನ್ನು ಕಟ್ಟಿಹಿಡಿದ ಲಿಗಮೆಂಟ್ ಸಡಿಲಾಗಿತ್ತು. ಪಾದ ಒಳಕ್ಕೆ ಹೊರಳಿದಾಗ ಹೆಚ್ಚಾಗಿ ಪೆಟ್ಟು ತಿನ್ನುವುದು ಅದೇ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ತಂಬಿಗೆಗೆ ಎಲ್ಲರಲ್ಲೂ ಉಳುಕು ಕಾಣುತ್ತದೆ, ಎಕ್ಸ್‌ರೇಗೆ ಯಾರಲ್ಲೂ ಕಾಣುವುದಿಲ್ಲ. ನಾನು ಯಾರನ್ನು ನಂಬಲಿ?

ಒಳಗೆ ಎಲುಬಿನ ತುದಿಗಿರುವ ಮೃದ್ವಸ್ಥಿಗೆ (ಕಾರ್ಟಿಲೇಜ್) ಪೆಟ್ಟಾಗಿದ್ದರೂ ಹೀಗೆ ನೋವು ಉಳಿಯಬಹುದಂತೆ. ವ್ಯಾಯಾಮದಿಂದ ಕಡಿಮೆಯಾಗದಿದ್ದರೆ ಎಂಆರ್‌ಐ. ಆಪರೇಷನ್ ಮಾತು ಅದಕ್ಕೂ ಆಚೆ.

ನಾನು ಸುಮ್ನೆ ಕುಂತು ಎಣ್ಣೆ ತಿಕ್ಕಿದ್ದೇ ತಪ್ಪಾಗಿತ್ತು. ಪಾದ ಎಷ್ಟು ವಾಲಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳು ಲಿಗಮೆಂಟ್‌ನಲ್ಲೂ ಇವೆ. ಪೆಟ್ಟಾದ ಮೇಲೆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ; ಕಾಲು ಮತ್ತೆ ಹೊರಳುತ್ತದೆ. ಅದಕ್ಕೇ ರಬ್ಬರ್ ಪಟ್ಟಿಗೆ ಪಾದ ಸಿಕ್ಕಿಸಿ ಹೊರಕ್ಕೆ ಎಳೆಯಬೇಕು, ಹಿಮ್ಮಡಿ ಎತ್ತಿ ಇಳಿಸಬೇಕು, ದಿನವೂ ಒಂಟಿಗಾಲಲ್ಲಿ ನಿಲ್ಲಬೇಕು. ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ.

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲೇ ನಿಲ್ಲುತ್ತೇನೆ. ಒಂದು ರೊಟ್ಟಿ ಬೇಯುವವರೆಗೆ ನಿಲ್ಲುವುದು ಗುರಿ. ಕಣ್ಣು ಮುಚ್ಚಿದರೆ 5 ಎಣಿಸುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದೆ. ಮೊನ್ನೆ 20 ದಾಟಿತು.

ಅವ್ವ ರೊಟ್ಟಿ ತಿರುವಿ ಹಾಕುತ್ತ ನನ್ನತ್ತ ನೋಡಿದಳು. "ಅವತ್ತ ತಂಬಿಗಿ ಹಚ್ಚಿದ್ದಕ್ಕ ಇಷ್ಟಾದ್ರೂ ನಿಂದ್ರಲತ್ತಿ ನೋಡ್."